ಎಸ್ಟೋನಿಯಾದಲ್ಲಿ ಸಬ್ಬಸಿಗೆ ಸೊಪ್ಪು: ಅಮ್ಮನ ಜೊತೆ ಒಂಬತ್ತು ರಾತ್ರಿ

"ಅಲ್ಲಿ ಸೊಪ್ಪು, ತರಕಾರಿ ಎಲ್ಲಾ ಸಿಗುತ್ತೇನೋ?"

ಎಸ್ಟೋನಿಯಾಕ್ಕೆ ಹೋಗೋಣ ಅಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಆ ದೇಶ ಎಲ್ಲಿದೆ ಅಂತ ಅವರು ಕೇಳಲೇ ಇಲ್ಲ. "ಎಲ್ಲಾ ಸಿಗುತ್ತಮ್ಮ, ನೀನು ಸುಮ್ನೆ ಹೊರಡು" ಅಂದುಬಿಟ್ಟೆ. ಆ ಪ್ರಶ್ನೆಯನ್ನು ಅವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದರೆ ನನಗೆ ಸುಮಾರು 28 ಸಾವಿರ ರೂಪಾಯಿ ಉಳಿಯುತ್ತಿತ್ತು.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಟೀಮಿನ ಅರ್ಧ ಜನ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿದ್ದಾರೆ. ನಾಲ್ಕು ವರ್ಷ ದಿನಾ ಸ್ಕ್ರೀನಿನಲ್ಲಿ ನೋಡಿದ ಮುಖಗಳು, "ಒಮ್ಮೆ ಬಾ" ಅಂತ ಕರೀತಾನೇ ಇದ್ದರು. ಹೋದ ವರ್ಷ ಜೂನ್‌ನಲ್ಲಿ ರಜೆ ಹಾಕಿದೆ. ಅಪ್ಪ ಹೋಗಿ ಆಗ ಎರಡು ವರ್ಷ ಆಗಿತ್ತು. ಹಾಸನದ ಮನೆಯಲ್ಲಿ ಅಮ್ಮ ಒಬ್ಬರೇ. "ಒಬ್ಬಳಿಗೆ ಏನಂತ ಅಡುಗೆ ಮಾಡೋದು" ಅಂತ ಬೆಳಗ್ಗೆ ಮಾಡಿದ ಅನ್ನಕ್ಕೇ ರಾತ್ರಿ ಮೊಸರು ಕಲಸಿಕೊಂಡು ಮುಗಿಸುತ್ತಿದ್ದರು. ಸ್ವಲ್ಪ ಬದಲಾವಣೆ ಆಗಲಿ ಅಂತ ಅವರನ್ನೂ ಹೊರಡಿಸಿದೆ.

ದೇಶ ಯಾವುದು, ಎಷ್ಟು ದೊಡ್ಡದು?

ಬಾಲ್ಟಿಕ್ ಸಮುದ್ರದ ಪಕ್ಕ ಮೂರು ಪುಟ್ಟ ದೇಶಗಳಿವೆ: ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ. ಅದರಲ್ಲಿ ಉತ್ತರದ ತುದಿಯದ್ದು ಎಸ್ಟೋನಿಯಾ. ಅಳತೆಯಲ್ಲಿ ಕರ್ನಾಟಕದ ಕಾಲು ಭಾಗಕ್ಕಿಂತ ಕಡಿಮೆ. ಜನಸಂಖ್ಯೆ ಸುಮಾರು 13.7 ಲಕ್ಷ. ನಮ್ಮ ಬೆಂಗಳೂರಿನ ಒಂದೆರಡು ಬಡಾವಣೆಗಳ ಜನ ಒಂದು ಇಡೀ ದೇಶದ ತುಂಬ ಹರಡಿಕೊಂಡ ಹಾಗೆ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾದ ಈ ದೇಶ 2004ರಲ್ಲಿ ಯುರೋಪಿಯನ್ ಯೂನಿಯನ್ ಸೇರಿತು, 2011ರಿಂದ ಯೂರೋ ಬಳಸುತ್ತಿದೆ. ಒಂದು ಯೂರೋಗೆ ಸುಮಾರು 100 ರೂಪಾಯಿ ಅಂತ ಲೆಕ್ಕ ಹಾಕಿಕೊಂಡರೆ ಸುಲಭ.

ನಮ್ಮ ಫೀಲ್ಡಿನವರಿಗೆ ಈ ದೇಶದ ಹೆಸರು ಗೊತ್ತಿರುತ್ತೆ. ಸ್ಕೈಪ್ ಸಾಫ್ಟ್‌ವೇರ್ ಬರೆದದ್ದು ಇಲ್ಲಿ, ಬೋಲ್ಟ್ ಟ್ಯಾಕ್ಸಿ ಆ್ಯಪ್ ಶುರುವಾದದ್ದು ಇಲ್ಲಿ. 2005ರಿಂದ ಚುನಾವಣೆಯಲ್ಲಿ ಆನ್‌ಲೈನ್ ವೋಟು ಹಾಕ್ತಿದ್ದಾರೆ.

ವೀಸಾ ಮತ್ತು ವಿಮಾನ

ಬೇಕಿರೋದು ಷೆಂಗೆನ್ ವೀಸಾ. ಪ್ರವಾಸದ ಹೆಚ್ಚು ದಿನ ಎಸ್ಟೋನಿಯಾದಲ್ಲೇ ಕಳೆಯುವುದಾದರೆ ಎಸ್ಟೋನಿಯಾಕ್ಕೇ ಅರ್ಜಿ ಹಾಕಬೇಕು. ದೊಡ್ಡವರಿಗೆ ಫೀಸು 90 ಯೂರೋ, ಜೊತೆಗೆ ವೀಸಾ ಸೆಂಟರಿನ ಸರ್ವಿಸ್ ಚಾರ್ಜ್ ಬೇರೆ. ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮುಂಚೆ ಹಾಕಿರಬೇಕು. ಬೇಸಿಗೆಗೆ ಹೋಗೋರು ಎರಡು ಮೂರು ತಿಂಗಳು ಮುಂಚೆಯೇ ಹಾಕಿಬಿಡಿ.

ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಪಾಸ್‌ಪೋರ್ಟು ನೀವು ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಅಮ್ಮನ ಅರ್ಜಿಗೆ ಫ್ಯಾಮಿಲಿ ಪೆನ್ಶನ್ ಬರುವ ಪಾಸ್‌ಬುಕ್ ಪ್ರತಿ, ಖರ್ಚು ನಾನು ನೋಡಿಕೊಳ್ಳುತ್ತೇನೆ ಅನ್ನುವ ಪತ್ರ, ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್ ಇಟ್ಟೆವು. ಉಳಿದುಕೊಳ್ಳುವ ಜಾಗದ ಬುಕಿಂಗ್ ಕೂಡ ತೋರಿಸಬೇಕು. ಅದಕ್ಕೆ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವಂಥ ರೂಮನ್ನೇ ಹಿಡಿಯಿರಿ. ನಾನು ಹಿಡಿಯಲಿಲ್ಲ. ಆ ಕಥೆ ಮುಂದಿದೆ.

ಭಾರತದಿಂದ ಟ್ಯಾಲಿನ್‌ಗೆ ನೇರ ವಿಮಾನ ಇಲ್ಲ. ನಾವು ಫ್ರಾಂಕ್‌ಫರ್ಟ್ ಮೇಲೆ ಹೋದೆವು. ವಯಸ್ಸಾದವರು ಜೊತೆಗಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ, ಸಂಕೋಚ ಬೇಡ. ಅಷ್ಟು ದೊಡ್ಡ ಏರ್‌ಪೋರ್ಟಿನಲ್ಲಿ ಅಮ್ಮನ ಮಂಡಿ ಉಳಿದದ್ದು ಅದರಿಂದಲೇ.

ಒಂದು ಎಚ್ಚರಿಕೆ. ಯುರೋಪಿನ ಹೊರಗಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವ ಹಾಗಿಲ್ಲ. ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಬಿಡಿ. ಹಸಿ ಕರಿಬೇವೂ ಬೇಡ. ಅಮ್ಮ ಸಾರಿನ ಪುಡಿ, ಚಟ್ನಿಪುಡಿ, ಇಂಗು, ಸಾಸಿವೆ ಕಟ್ಟಿಕೊಂಡರು. "ಅಡುಗೆ ಮಾಡೋ ಜಾಗ ಇದ್ಯಾ ಅಲ್ಲಿ?" ಅಂತ ಇನ್ನೊಂದು ಸಲ ಕೇಳಿದರು. ನಾನು ಮೊಬೈಲ್ ನೋಡ್ತಾ "ಹ್ಞೂಂ" ಅಂದಿದ್ದೆ.

ಮೊದಲನೇ ರೂಮು: ನನ್ನ ತಪ್ಪು

ಟ್ಯಾಲಿನ್ ಏರ್‌ಪೋರ್ಟ್ ಊರಿಗೆ ನಾಲ್ಕೇ ಕಿಲೋಮೀಟರ್. ಟ್ರಾಮ್, ಬಸ್ಸು ಎರಡೂ ಇವೆ. ನಾವು ಹಿಡಿದಿದ್ದ ರೂಮು ಓಲ್ಡ್ ಟೌನಿನಲ್ಲಿತ್ತು. 1997ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ ಅದು. ಕೋಟೆ ಗೋಡೆ, ಕೆಂಪು ಹೆಂಚಿನ ಬುರುಜು, ನೂರಾರು ವರ್ಷ ಹಳೆಯ ವ್ಯಾಪಾರಿಗಳ ಮನೆಗಳು. ಫೋಟೋ ನೋಡಿದ ತಕ್ಷಣ ಐದು ರಾತ್ರಿಗೆ ಬುಕ್ ಮಾಡಿದ್ದೆ. ರಾತ್ರಿಗೆ 95 ಯೂರೋ, ಕ್ಯಾನ್ಸಲ್ ಮಾಡಿದರೆ ಏನೂ ವಾಪಸ್ ಇಲ್ಲ. ಹತ್ತು ಯೂರೋ ಕಡಿಮೆ ಆಗುತ್ತೆ ಅಂತ ಆ ಆಪ್ಶನ್ ಒತ್ತಿದ್ದೆ.

ರಿಸೆಪ್ಶನ್ ಅನ್ನೋದೇ ಇಲ್ಲ. ಮೆಸೇಜಿನಲ್ಲಿ ಬಂದ ಕೋಡ್ ಒತ್ತಿದರೆ ಬಾಗಿಲು ತೆರೆಯುತ್ತೆ. ಬೀದಿ ಬಾಗಿಲಿಗೊಂದು, ರೂಮಿಗೊಂದು, ಕೀ ಬಾಕ್ಸಿಗೊಂದು. ನನಗೆ ಖುಷಿಯೋ ಖುಷಿ. ಅಮ್ಮ ಮಾತ್ರ "ಮನುಷ್ಯರೇ ಇಲ್ವಲ್ಲೋ ಇಲ್ಲಿ" ಅಂದರು.

ಒಳಗೆ ಹೋದರೆ ಕಡಿದಾದ ಮರದ ಮೆಟ್ಟಿಲು. ಲಿಫ್ಟ್ ಇಲ್ಲ. ನಾಲ್ಕನೇ ಮಹಡಿ. ಅಲ್ಲಿ ನೆಲಮಹಡಿಯನ್ನೇ ಒಂದು ಅಂತ ಎಣಿಸುತ್ತಾರೆ, ಹಾಗಾಗಿ ನಮ್ಮ ಲೆಕ್ಕದಲ್ಲಿ ಮೂರನೇದು. ಅದೊಂದೇ ಸಮಾಧಾನ. ಅಮ್ಮ ಮೆಟ್ಟಿಲು ಎಣಿಸಿದರು: 62. ಅಡುಗೆಮನೆ ಅಂತ ಇದ್ದದ್ದು ಒಂದು ಎಲೆಕ್ಟ್ರಿಕ್ ಕೆಟಲ್.

ಮಾರನೇ ದಿನ ಊರು ನೋಡೋಕೆ ಹೋದೆವು. ದಾರಿಯೆಲ್ಲ ಉಬ್ಬುತಗ್ಗಿನ ಕಲ್ಲು ಹಾಸು. ಮೇಲೂರು ಟೋಂಪೆಯಾಕ್ಕೆ ಹತ್ತುವ ದಾರಿಗೆ 'ಉದ್ದ ಕಾಲು', 'ಗಿಡ್ಡ ಕಾಲು' ಅಂತ ಹೆಸರು. ಯಾವ ಕಾಲಾದರೂ ಅಮ್ಮನ ಕಾಲಿಗೆ ಕಷ್ಟವೇ. ಟೌನ್ ಹಾಲ್ ಚೌಕದ ಮೂಲೆಯಲ್ಲಿ 1422ರ ದಾಖಲೆಯಲ್ಲೇ ಹೆಸರಿರುವ ಒಂದು ಔಷಧಿ ಅಂಗಡಿ ಇದೆ. ನಮ್ಮ ವಿಜಯನಗರದ ಕಾಲದ್ದು, ಇವತ್ತಿಗೂ ಮಾತ್ರೆ ಮಾರ್ತಾರೆ. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾವು ಮಂಡಿಗೆ ಹಚ್ಚೋ ಮುಲಾಮು ಕೊಂಡೆವು.

ಸಂಜೆ ವಾಪಸ್ ಬಂದಾಗ ಅಮ್ಮ ಎರಡನೇ ಮಹಡಿ ಹತ್ತಿರ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಕೈಯಲ್ಲಿ ನೀರಿನ ಬಾಟಲ್ ಹಿಡಿದು ನಿಂತಿದ್ದೆ. ಇನ್ನು ಮುಕ್ಕಾಲು ಗಂಟೆಗೆ ಒಂದು ವಾಕಿಂಗ್ ಟೂರ್ ಬುಕ್ ಆಗಿತ್ತು. ನಾನು ಗಡಿಯಾರ ನೋಡಿದ್ದನ್ನು ಅವರು ನೋಡಿದರು.

"ನೀನು ಹೋಗಿ ಬಾ. ನಾನು ರೂಮಲ್ಲೇ ಇರ್ತೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಬರದೆ ಇದ್ದಿದ್ರೆ ನೀನು ಆರಾಮಾಗಿ ಸುತ್ತುತ್ತಿದ್ದೆ ಅಲ್ವಾ ಮಗ?" ಅಂದರು.

ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ. ಟೂರಿಗೆ ಹೋಗಲಿಲ್ಲ. ರಾತ್ರಿ ಹತ್ತೂವರೆ ದಾಟಿದರೂ ಕಿಟಕಿ ಹೊರಗೆ ಬೆಳಕು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗೋದೇ ಆ ಹೊತ್ತಿಗೆ, ಬೆಳಗ್ಗೆ ನಾಲ್ಕಕ್ಕೆಲ್ಲ ಮತ್ತೆ ಹಾಜರ್. ಅಮ್ಮ ಸೆರಗು ಕಣ್ಣ ಮೇಲೆ ಹಾಕಿಕೊಂಡು ಮಲಗಿದ್ದರು. ನಾನು ಮೊಬೈಲಿನಲ್ಲಿ ಬೇರೆ ಮನೆ ಹುಡುಕುತ್ತಾ ಕೂತೆ. ಎರಡು ಕಂಡೀಶನ್: ನೆಲಮಹಡಿ, ಒಲೆ ಇರೋ ಅಡುಗೆಮನೆ.

ಮೀನಿನ ಮನೆಯಲ್ಲಿ ಸಸ್ಯಾಹಾರಿಗಳು

ಆಫೀಸಿನ ಗೆಳೆಯನಿಗೆ ಮೆಸೇಜ್ ಮಾಡಿದಾಗ ಅವನು ಹೇಳಿದ ಏರಿಯಾ ಕಲಮಯಾ. ಇಂಗ್ಲಿಷ್ ಅಕ್ಷರ ನೋಡಿ ನಾನು 'ಕಲಾಮಜಾ' ಅಂತ ಓದಿದ್ದೆ. ಅವರಲ್ಲಿ 'ಜೆ' ಬರೆದರೆ 'ಯ' ಅಂತ ಓದಬೇಕು. ಕಲ ಅಂದರೆ ಮೀನು, ಮಯಾ ಅಂದರೆ ಮನೆ. ಅಮ್ಮನಿಗೆ ಅರ್ಥ ಹೇಳಿದಾಗ ಎರಡು ದಿನದಲ್ಲಿ ಮೊದಲ ಸಲ ನಕ್ಕರು. "ಹೋಗಿ ಹೋಗಿ ಮೀನಿನ ಮನೆಗೆ ಕರ್ಕೊಂಡು ಬಂದೆಯಲ್ಲೋ!"

ಕಲಮಯಾ ಓಲ್ಡ್ ಟೌನಿನ ಹೊರಗೆ, ರೈಲ್ವೆ ಸ್ಟೇಷನ್ ಹಿಂದಗಡೆ ಇದೆ. ಹಿಂದೆ ಮೀನುಗಾರರು, ಕಾರ್ಖಾನೆ ಕೆಲಸಗಾರರು ಇದ್ದ ಮರದ ಮನೆಗಳ ಬೀದಿಗಳು. ಈಗ ನಮ್ಮ ವಯಸ್ಸಿನವರಿಗೆ ಅಚ್ಚುಮೆಚ್ಚು. ರಾತ್ರಿಗೆ 70 ಯೂರೋಗೆ ಒಂದು ರೂಮು, ಹಾಲು, ಅಡುಗೆಮನೆ, ವಾಷಿಂಗ್ ಮೆಷಿನ್. ಮೆಟ್ಟಿಲು ಮೂರೇ ಮೂರು. ಓಲ್ಡ್ ಟೌನಿಗೆ ನಡೆದೇ ಹೋಗಬಹುದು. ಹಳೇ ರೂಮಿನ ಮೂರು ರಾತ್ರಿಯ 285 ಯೂರೋ ಹೋಯಿತು. ಅದು ಮನೆಯವರ ತಪ್ಪಲ್ಲ, ಕಂಡೀಶನ್ ಓದಿಯೂ ಒತ್ತಿದ್ದು ನಾನೇ.

ಸ್ಟೇಷನ್ ಪಕ್ಕದಲ್ಲೇ ಬಾಲ್ಟಿ ಯಾಮ್ ಮಾರ್ಕೆಟ್. ಕೆಳಗೆ ತರಕಾರಿ, ಹಣ್ಣು, ತಿಂಡಿ ಅಂಗಡಿಗಳು, ಮೇಲೆ ಹಳೇ ಸಾಮಾನಿನ ಅಂಗಡಿಗಳು. ಅಮ್ಮ ಎರಡು ಹೆಜ್ಜೆ ಇಟ್ಟು ನಿಂತರು. ಬಗ್ಗಿ ಒಂದು ಕಟ್ಟು ಸೊಪ್ಪು ಎತ್ತಿ ಮೂಸಿದರು.

"ಸಬ್ಬಸಿಗೆ ಕಣೋ ಇದು!"

ಹೌದು. ಎಸ್ಟೋನಿಯಾದವರು ಸಬ್ಬಸಿಗೆ ಹಾಕದ ಅಡುಗೆಯೇ ಕಡಿಮೆ. ಬೇಯಿಸಿದ ಎಳೇ ಆಲೂಗಡ್ಡೆಗೆ, ಸೌತೆಕಾಯಿಗೆ, ಸೂಪಿಗೆ ಎಲ್ಲದಕ್ಕೂ ಉದುರಿಸುತ್ತಾರೆ. ಅವರ ಭಾಷೆಯಲ್ಲಿ ಅದರ ಹೆಸರು 'ಟಿಲ್'. ಪಕ್ಕದಲ್ಲೇ ಮಣ್ಣು ಹತ್ತಿದ ಹೊಸ ಆಲೂಗಡ್ಡೆ. ಹಾಸನದವರ ಮುಂದೆ ಆಲೂಗಡ್ಡೆ ಇಟ್ಟರೆ ಕೇಳಬೇಕಾ? ಉಗುರಿನಿಂದ ಸಿಪ್ಪೆ ಕೆರೆದು ನೋಡಿ "ಒಳ್ಳೇ ಗಡ್ಡೆ" ಅಂತ ಸರ್ಟಿಫಿಕೇಟ್ ಕೊಟ್ಟು ಎರಡು ಕೆಜಿ ತೆಗೆದುಕೊಂಡರು. ಮಾರುವ ಹೆಂಗಸು 'ಐತಾಹ್' ಅಂದರು. ಹಾಗಂದರೆ ಥ್ಯಾಂಕ್ಸ್. ಅಮ್ಮ ನನ್ನ ಕಡೆ ತಿರುಗಿ "ಏನೈತೆ ಅಂತ ಕೇಳ್ತಿದಾಳೆ?" ಅಂದರು.

ಆ ರಾತ್ರಿ ಅನ್ನ, ಕೆಂಪು ಮಸೂರ ಬೇಳೆಯ ಸಾರು, ಸಬ್ಬಸಿಗೆ ಆಲೂಗಡ್ಡೆ ಪಲ್ಯ. ಅಕ್ಕಿ, ಬೇಳೆ ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲೇ ಸಿಕ್ಕವು. ಅಮ್ಮ ಒಗ್ಗರಣೆ ಹಾಕಿದ್ದನ್ನು ನೋಡಿ ಎಷ್ಟು ದಿನ ಆಗಿತ್ತೋ. ಹೊಗೆ ಅಲಾರಂ ಹೊಡೆದುಕೊಳ್ಳದ ಹಾಗೆ ನಾನು ಕಿಟಕಿ ತೆರೆದು ಟವೆಲ್ ಬೀಸುತ್ತಾ ನಿಂತಿದ್ದೆ. ಗೆಳೆಯನೂ ಊಟಕ್ಕೆ ಬಂದಿದ್ದ. ಪಲ್ಯ ಎರಡನೇ ಸಲ ಬಡಿಸಿಕೊಂಡ. ಮಾರನೇ ದಿನ ಅಮ್ಮ ನನಗಿಂತ ಮುಂಚೆ ಎದ್ದು ಚಪ್ಪಲಿ ಹಾಕಿಕೊಂಡು ರೆಡಿಯಾಗಿದ್ದರು.

ಓಡಾಟ, ದುಡ್ಡು, ಊಟ: ಚುಟುಕಾಗಿ

ಬಸ್ಸು, ಟ್ರಾಮು: ಟ್ಯಾಲಿನ್ ನಿವಾಸಿಗಳಿಗೆ 2013ರಿಂದ ಉಚಿತ, ನಮಗಲ್ಲ. ಮುಂದಿನ ಬಾಗಿಲ ಹತ್ತಿರದ ಮೆಷಿನ್ನಿಗೆ ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು. ನಾವು ಇಬ್ಬರಿಗೂ ಒಂದೊಂದು ಫಾರೆಕ್ಸ್ ಕಾರ್ಡ್ ಮಾಡಿಸಿದ್ದೆವು. ಕಾರ್ಡ್ ಎಲ್ಲ ಕಡೆ ನಡೆಯುತ್ತೆ, ನೋಟು ತೆಗೆದದ್ದೇ ಅಪರೂಪ.

ರೈಲು: ಯೂನಿವರ್ಸಿಟಿ ಊರು ಟಾರ್ಟುಗೆ ರೈಲಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿನ ವಿಶ್ವವಿದ್ಯಾಲಯ 1632ರದ್ದು. ಟಿಕೆಟ್ ಆನ್‌ಲೈನ್‌ನಲ್ಲೂ ಸಿಗುತ್ತೆ, ರೈಲಿನೊಳಗೂ ಸಿಗುತ್ತೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿಗೆ ಹಡಗಿನಲ್ಲಿ ಎರಡು ಗಂಟೆ, ಅದೇ ವೀಸಾ ಸಾಕು.

ಊಟ: ಸಸ್ಯಾಹಾರಿ ಅನ್ನೋಕೆ 'ತೈಮೆತೊಯಿತ್ಲಾನೆ'. ಬಾಯಿ ತಿರುಗದಿದ್ದರೆ ಫೋನಿನಲ್ಲಿ ಬರೆದಿಟ್ಟು ತೋರಿಸಿ. ಟ್ಯಾಲಿನ್‌ನಲ್ಲಿ ಇಂಡಿಯನ್ ಹೋಟೆಲುಗಳಿವೆ. ಹಳ್ಳಿ ಕಡೆ ಹೋದರೆ ಕಪ್ಪು ರೈ ಬ್ರೆಡ್ಡು, ಬೆಣ್ಣೆ, ಆಲೂಗಡ್ಡೆ, ಸ್ಟ್ರಾಬೆರಿಯೇ ಗತಿ. ನಲ್ಲಿ ನೀರು ಹಾಗೇ ಕುಡಿಯಬಹುದು.

ನೋಡಲೇಬೇಕಾದ ಒಂದು ಹೋಟೆಲು: 1972ರಲ್ಲಿ ಶುರುವಾದ ವಿರು ಹೋಟೆಲ್. ಸೋವಿಯತ್ ಕಾಲದಲ್ಲಿ ವಿದೇಶಿಯರನ್ನು ಇಲ್ಲಿ ಇಳಿಸುತ್ತಿದ್ದರು. ಲಿಫ್ಟ್ ಹೋಗುತ್ತಿದ್ದದ್ದು 22ನೇ ಮಹಡಿ ತನಕ. ಅದರ ಮೇಲಿನ ಮಹಡಿಯಲ್ಲಿ ಕೆಜಿಬಿಯವರು ಕೂತು ಕೆಳಗಿನ ರೂಮುಗಳ ಮಾತು ಕದ್ದು ಕೇಳುತ್ತಿದ್ದರು. ಈಗ ಅದು ಮ್ಯೂಸಿಯಂ. ಗೈಡ್ ಜೊತೆಗೇ ಹೋಗಬೇಕು, ಮೊದಲೇ ಬುಕ್ ಮಾಡಿ.

ಹವಾಮಾನ: ಜೂನ್‌ನಲ್ಲೂ ಸ್ವೆಟರ್, ಮಳೆ ಕೋಟು ಬೇಕು. ಡಿಸೆಂಬರಿಗೆ ಹೋದರೆ ಹಗಲು ಆರೇ ಗಂಟೆ. ಕತ್ತಲಲ್ಲಿ ನಡೆಯುವವರು ಕೋಟಿಗೆ ರಿಫ್ಲೆಕ್ಟರ್ ನೇತುಹಾಕಿಕೊಳ್ಳಬೇಕು ಅನ್ನುವುದು ಅಲ್ಲಿನ ಕಾನೂನು. ತುರ್ತು ನಂಬರು 112.

ಸಾರೆಮಾ: ಮಲೆನಾಡಿನ ಹೋಂಸ್ಟೇ ಇದ್ದ ಹಾಗೆ

ಜೂನ್ 23 ಮತ್ತು 24 ಅಲ್ಲಿ ರಜಾ. 23ರ ರಾತ್ರಿ ಊರೂರಲ್ಲೂ ದೊಡ್ಡ ಬೆಂಕಿ ಹಾಕಿ ಹಾಡ್ತಾರೆ, ಅದೇ ಯಾನಿಪ್ಯಾವ್ ಹಬ್ಬ. ಸಿಟಿ ಖಾಲಿ, ಎಲ್ಲರೂ ಹಳ್ಳಿಗೆ. ಹಾಗಾಗಿ ಆ ದಿನಗಳಿಗೆ ಹಳ್ಳಿ ಕಡೆ ರೂಮು ಬೇಕಿದ್ದರೆ ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು. ನಾನು ಮಾಡಿದ ಒಂದೇ ಸರಿಯಾದ ಕೆಲಸ ಅಂದರೆ ಇದು. ಸಾರೆಮಾ ದ್ವೀಪದಲ್ಲಿ ಮೂರು ರಾತ್ರಿಗೆ ಒಂದು 'ಟುರಿಸ್ಮಿತಾಲು' ಹಿಡಿದಿದ್ದೆ. ಹಾಗಂದರೆ ರೈತರ ಮನೆಯಲ್ಲೇ ಅತಿಥಿಗಳಿಗೆ ರೂಮು. ಇಬ್ಬರಿಗೆ ತಿಂಡಿ ಸೇರಿ ರಾತ್ರಿಗೆ 60 ಯೂರೋ.

ಟ್ಯಾಲಿನ್‌ನಿಂದ ದ್ವೀಪದ ದೊಡ್ಡ ಊರು ಕುರೆಸ್ಸಾರೆಗೆ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆ. ವಿರ್ಟ್ಸು ಅನ್ನುವ ಕಡೆ ಬಸ್ಸೇ ಹಡಗಿನೊಳಗೆ ಹೋಗುತ್ತೆ. ಅರ್ಧ ಗಂಟೆಯೊಳಗೆ ಆಚೆ ದಡ. ಹಡಗಿನಲ್ಲಿ ಇಳಿದು ಮೇಲೆ ಹೋಗಿ ಸಮುದ್ರ ನೋಡಬಹುದು, ಆದರೆ ವಾಪಸ್ ಬರುವಾಗ ನಿಮ್ಮ ಬಸ್ಸು ಯಾವುದು ಅನ್ನೋದು ನೆನಪಿರಲಿ. ಕುರೆಸ್ಸಾರೆಯಲ್ಲಿ ಹಳೇ ಕೋಟೆ ಇದೆ. ಕಾಲಿ ಅನ್ನುವಲ್ಲಿ ಉಲ್ಕೆ ಬಿದ್ದು ಆದ ದುಂಡನೆ ಹೊಂಡ ಇದೆ, 110 ಮೀಟರ್ ಅಗಲ.

ಮನೆಯೊಡತಿಗೆ ಅಮ್ಮನದೇ ವಯಸ್ಸು. ಇಂಗ್ಲಿಷ್ ಅಷ್ಟಕ್ಕಷ್ಟೇ. ಸೌನಾ ಬಿಸಿ ಮಾಡಿದ್ದೀನಿ ಅಂತ ಕರೆದರು, ಅಮ್ಮ ಇಣುಕಿ ನೋಡಿ "ನಮ್ಮ ಬಚ್ಚಲುಮನೆಗೆ ಬೆಂಕಿ ಬಿದ್ದ ಹಾಗಿದೆ, ಬೇಡಪ್ಪ" ಅಂತ ಹೊರಗೆ ಬಂದರು. ನಾನು ಹೋದೆ, ಹತ್ತು ನಿಮಿಷಕ್ಕೆ ಸುಸ್ತು.

ಎರಡನೇ ದಿನ ಬೆಳಗ್ಗೆ ತಿಂಡಿಗೆ ಒಂದು ಬಟ್ಟಲಲ್ಲಿ ಕಂದು ಬಣ್ಣದ ಗಟ್ಟಿ ಗಂಜಿ ಥರದ್ದು ಇಟ್ಟರು. ಹೆಸರು 'ಕಾಮಾ'. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು, ಹುಳಿ ಮಜ್ಜಿಗೆಯಲ್ಲಿ ಕಲಸಿದ್ದು. ಅಮ್ಮ ಒಂದು ಚಮಚ ಬಾಯಿಗಿಟ್ಟು ಸುಮ್ಮನಾದರು. ಇಷ್ಟ ಆಗಲಿಲ್ಲವೇನೋ ಅಂದುಕೊಂಡೆ.

"ಇದು ನಮ್ಮ ಹುರಿಹಿಟ್ಟೇ ಕಣೋ" ಅಂದರು. "ನಿಮ್ಮಪ್ಪ ಇದಕ್ಕೆ ಬೆಲ್ಲ ಹಾಕ್ಕೊಂಡು ತಿನ್ನೋರು. ಮದುವೆಯಾದ ಹೊಸದರಲ್ಲಿ ನಾನು ಹಿಟ್ಟು ಹೊತ್ತಿಸಿಬಿಟ್ಟಿದ್ದೆ. ನಿಮ್ಮಜ್ಜಿ ಬೈತಾರೆ ಅಂತ ಅದನ್ನೂ ಚೆನ್ನಾಗಿದೆ ಅಂತ ತಿಂದಿದ್ರು."

ಎರಡು ವರ್ಷದಲ್ಲಿ ಅಪ್ಪನ ಸುದ್ದಿ ಬಂದಾಗಲೆಲ್ಲ ಅಮ್ಮ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವತ್ತು ಕೂತೇ ಇದ್ದರು, ಬಟ್ಟಲು ಖಾಲಿ ಮಾಡುತ್ತಾ ಇನ್ನೂ ಎರಡು ಮೂರು ಕಥೆ ಹೇಳಿದರು. ನನಗೆ ಗೊತ್ತೇ ಇರದ ಕಥೆಗಳು. ಮನೆಯೊಡತಿಗೆ ಏನು ಅರ್ಥ ಆಯಿತೋ, ಒಳಗಿಂದ ಹಿಟ್ಟಿನ ಡಬ್ಬ ತಂದು ಅಮ್ಮನ ಮುಂದೆ ಇಟ್ಟರು. ಅಮ್ಮ ಅಂಗೈ ಮೇಲೆ ಹಾಕಿಕೊಂಡು ಮೂಸಿ, ಹುರಿಯುವ ಹಾಗೆ ಕೈ ಆಡಿಸಿ ತೋರಿಸಿದರು. ಅವರು ತಲೆ ಆಡಿಸಿದರು. ಇಬ್ಬರೂ ಅರ್ಧ ಗಂಟೆ ಅಡುಗೆಮನೆಯಲ್ಲಿದ್ದರು. ನನ್ನ ಗೂಗಲ್ ಟ್ರಾನ್ಸ್‌ಲೇಟ್ ಯಾರಿಗೂ ಬೇಕಾಗಲಿಲ್ಲ.

ರಾತ್ರಿ ಬೆಂಕಿ ಹಾಕಿದಾಗ ಅಮ್ಮ ಶಾಲು ಹೊದ್ದು ಹನ್ನೆರಡರ ತನಕ ಕೂತಿದ್ದರು. "ಕಾಮನ ಹಬ್ಬ ಇದ್ದ ಹಾಗಿದೆ" ಅಂದರು.

ಒಬ್ಬರೇ ಹೋಗೋರಿಗೆ

ನೀವು ಗೆಳೆಯರ ಜೊತೆ ಅಥವಾ ಒಬ್ಬರೇ ಹೋಗೋದಾದರೆ ಓಲ್ಡ್ ಟೌನಿನ ಹಾಸ್ಟೆಲ್ ಧಾರಾಳವಾಗಿ ಹಿಡಿಯಿರಿ, 62 ಮೆಟ್ಟಿಲು ನಿಮಗೆ ಲೆಕ್ಕಕ್ಕಿಲ್ಲ. ಇನ್ನೂ ಕಡಿಮೆ ಬೇಕಿದ್ದರೆ, ಸರ್ಕಾರದ ಅರಣ್ಯ ಸಂಸ್ಥೆ ಆರ್‌ಎಂಕೆ ಕಾಡಿನಲ್ಲಿ ಟೆಂಟ್ ಹಾಕುವ ಜಾಗಗಳನ್ನೂ ಪುಟ್ಟ ಗುಡಿಸಲುಗಳನ್ನೂ ಇಟ್ಟಿದೆ, ಬಾಡಿಗೆ ಇಲ್ಲ. ಮೊದಲು ಹೋದವರಿಗೆ ಜಾಗ. ಟ್ಯಾಲಿನ್‌ಗೆ ಹತ್ತಿರದ ಲಾಹೆಮಾ ನ್ಯಾಷನಲ್ ಪಾರ್ಕ್ 1971ರಲ್ಲಿ ಆದದ್ದು, ಇಡೀ ಸೋವಿಯತ್ ಒಕ್ಕೂಟಕ್ಕೇ ಮೊದಲನೆಯದು. ಅಲ್ಲಿನ ವಿರು ಜೌಗಿನಲ್ಲಿ ಮರದ ಹಲಗೆ ಮೇಲೆ ನಡೆಯುವ ದಾರಿ ಇದೆ. ಕಾಡಿಗೆ ಹೋದರೆ ತುಂಬು ಪ್ಯಾಂಟ್ ಹಾಕಿ. ನಮ್ಮಲ್ಲಿ ದನಗಳಿಗೆ ಹತ್ತುವಂಥ ಉಣುಗು ಅಲ್ಲಿನ ಹುಲ್ಲಿನಲ್ಲಿರುತ್ತೆ, ಕಚ್ಚಿದರೆ ಕಾಯಿಲೆ ಬರಬಹುದು. ವಾಪಸ್ ಬಂದ ಮೇಲೆ ಮೈ ಕೈ ನೋಡಿಕೊಳ್ಳಿ.

ಅಪ್ಪ ಅಮ್ಮನ ಜೊತೆ ಹೋಗೋದಾದರೆ ಬುಕ್ ಮಾಡೋ ಮುಂಚೆ ಮನೆಯವರಿಗೆ ಇಷ್ಟು ಬರೆದು ಕೇಳಿ: ಎಷ್ಟು ಮೆಟ್ಟಿಲು? ಲಿಫ್ಟ್ ಇದ್ಯಾ? ಒಲೆ, ಪಾತ್ರೆ ಇದ್ಯಾ? ಕಿಟಕಿಗೆ ದಪ್ಪ ಪರದೆ ಇದ್ಯಾ? ಕೋಡ್ ಕೆಲಸ ಮಾಡದಿದ್ದರೆ ಯಾರಿಗೆ ಫೋನ್ ಮಾಡಬೇಕು? ಅದಕ್ಕೂ ಮುಂಚೆ ಅಪ್ಪ ಅಮ್ಮನನ್ನೇ ಒಂದು ಮಾತು ಕೇಳಿ, ಫೋನ್ ಕೆಳಗಿಟ್ಟು.

ಅಮ್ಮ ಬರುವಾಗ ಕಾಮಾ ಹಿಟ್ಟಿನ ಎರಡು ಪ್ಯಾಕೆಟ್ ತಂದರು. ಒಂದು ಮುಗಿದಿದೆ. ಹೋದ ವಾರ ಫೋನ್ ಮಾಡಿದಾಗ, ಎದುರು ಮನೆಯವರಿಗೂ ಅದರ ರುಚಿ ಹತ್ತಿಸಿದ್ದಾರೆ, ರಾಗಿ ಹುರಿಹಿಟ್ಟು ಮಾಡೋಕೆ ಇಬ್ಬರೂ ಸೇರಿ ರಾಗಿ ನೆನೆ ಹಾಕಿದ್ದಾರೆ ಅಂತ ಗೊತ್ತಾಯಿತು. "ಭಾನುವಾರ ಬಾ, ಮಾಡಿಟ್ಟಿರ್ತೀನಿ" ಅಂದರು. ಹೋಗ್ತಿದ್ದೀನಿ.